ಮಳೆಗಾಲದ ಚರ್ಮ

ಜೂನ್ 22, ಭಾನುವಾರ
ನರಿಕೊಂಬು

ಬೆಳಿಗ್ಗೆಯಿಂದ ಬಿಡದೆ ಮಳೆ. ನನ್ನ ಕೈ ಬೇರೆ ಯಾರದೋ ಕೈಯ ಹಾಗೆ ಆಗಿದೆ. ಪ್ರತಿ ವರ್ಷವೂ ಹೀಗೆಯೇ. ಚಳಿಗೆ ಮೊಣಕಾಲ ಕೆಳಗೆ ಎದ್ದ ಹುರುಪೆ ಬೇಸಗೆಯ ಬೆವರಿಗೆ ಅರ್ಧ ಉದುರಿ, ಈಗ ಮಳೆಗೆ ಪೂರ್ತಿ ಹೋಗಿದೆ. ಕಾಲು ಒರೆಸಿದರೆ ಟವೆಲಿಗೆ ಬಿಳಿ ಹಿಟ್ಟು ಅಂಟುವುದಿಲ್ಲ. ಅಂಗೈಯ ಗೆರೆಗಳು ಮಾತ್ರ ಹಾಗೇ ಇವೆ, ಆಳವಾಗಿ, ಒತ್ತೊತ್ತಾಗಿ. ಯಾವುದೋ ಮುದುಕನ ಅಂಗೈ. ನನಗೆ ಇಪ್ಪತ್ತಾರು.

ಗಂಜಿ ಬಡಿಸುತ್ತ ಉಮ್ಮ ನನ್ನ ಮುಂಗೈ ಒತ್ತಿ ನೋಡಿದರು, ಸಂತೆಯಲ್ಲಿ ಹಣ್ಣು ಒತ್ತಿ ನೋಡುವ ಹಾಗೆ.

"ಒಳ್ಳೆಯದಾಗಿದೆ ಮೋನೆ. ಈಗಲೇ ಹೋಗುವ."

ಹೋಗುವುದು ತೋಡಾರಿಗೆ, ಹೆಣ್ಣು ನೋಡಲು. ಉಮ್ಮನ ಯೋಜನೆಯಲ್ಲಿ ಎಲ್ಲವೂ ಮಳೆಗಾಲದಲ್ಲೇ ಮುಗಿಯಬೇಕು: ಹೆಣ್ಣು ನೋಡುವುದು, ಮಾತುಕತೆ, ನಿಕಾಹ್. ಹೋದ ಜನವರಿಯಲ್ಲಿ ಬೆಳ್ತಂಗಡಿಯ ಸಂಬಂಧ ತಪ್ಪಿದ್ದು ನನ್ನ ಕಾಲಿನಿಂದ. ನಮಾಝಿಗೆ ಮೊದಲು ವುಝೂ ಮಾಡುವಾಗ ಪ್ಯಾಂಟ್ ಮಡಚದೆ ಆಗುವುದಿಲ್ಲ. ಪಕ್ಕದಲ್ಲಿ ಕಾಲು ತೊಳೆಯುತ್ತಿದ್ದವರು ಹುಡುಗಿಯ ಮಾವ. ಅವರು ತಮ್ಮ ಕಾಲನ್ನು ಸ್ವಲ್ಪ ಆಚೆ ಸರಿಸಿದರು, ಅಷ್ಟೇ. ಮರುದಿನ ಫೋನ್ ಬಂತು. ಹುಡುಗಿಗೆ ಇನ್ನೂ ಓದಬೇಕಂತೆ.

"ಮದುವೆಯಾದ ಮೇಲೆ ಗೊತ್ತಾದರೆ?" ಎಂದು ಇವತ್ತು ಕೇಳಿದೆ.

"ಆಮೇಲೆ ಯಾರು ಬಿಟ್ಟು ಹೋಗ್ತಾರೆ? ನಾನು ನಿನ್ನ ಉಪ್ಪನನ್ನು ಬಿಟ್ಟು ಹೋದೆನಾ?"

ಉಪ್ಪನಿಗೂ ಇದೇ ಇತ್ತು.

ಜುಲೈ 13, ಭಾನುವಾರ

ತೋಡಾರಿಗೆ ಹೋಗಿ ಬಂದೆವು. ನಾನು, ಉಮ್ಮ, ಅಝೀಮ್ ಮಾಮ. ಮಾಮ ಉಮ್ಮನ ತಮ್ಮ. ಮೆಲ್ಕಾರಿನಲ್ಲಿ ಅವರ ಚಪ್ಪಲಿ ಅಂಗಡಿಯಲ್ಲೇ ನಾನು ಕೆಲಸಕ್ಕಿರುವುದು. ಕಾರು ಬಿಡುತ್ತ ದಾರಿಯಿಡೀ ಪಾಠ ಮಾಡಿದರು.

"ಕನ್ನಡ ಎಂ.ಎ. ಅಂತ ಮೊದಲು ಹೇಳು. ಅಂಗಡಿ ಅಂತ ಆಮೇಲೆ ಹೇಳು. ಮತ್ತೆ ಬಾಯಿ ಬಿಡು ಮಾರಾಯ, ಅಲ್ಲಿ ಹೋಗಿ ಗೊಂಬೆ ಹಾಗೆ ಕೂತ್ಕೊಳ್ಬೇಡ."

ಗೊಂಬೆಯ ಹಾಗೇ ಕುಳಿತೆ. ಹುಡುಗಿಗೆ ತಂದೆ ಇಲ್ಲ. ತಾಯಿ ಹಫ್ಸ. ಅಣ್ಣ ಝುಬೈರ್ ಸೌದಿಯ ದಮ್ಮಾಮಿನಲ್ಲಿ. ಹುಡುಗಿ ಆಫ್ರಾ, ಮೂಡುಬಿದಿರೆಯ ಒಂದು ಶಾಲೆಯಲ್ಲಿ ಒಂದನೇ ಕ್ಲಾಸಿನ ಟೀಚರ್. ಶರಬತ್ತಿನ ಗ್ಲಾಸು ಕೊಟ್ಟಾಗ ಅಂಗೈ ಕಾಣದ ಹಾಗೆ ಬೆರಳ ತುದಿಯಲ್ಲಿ ತೆಗೆದುಕೊಂಡೆ. ಅಭ್ಯಾಸ.

ಮಾತಾಡಲೆಂದು ನಮ್ಮಿಬ್ಬರನ್ನು ಸಿಟೌಟಿನಲ್ಲಿ ಬಿಟ್ಟರು.

"ಅಂಗಡಿಯಲ್ಲಿ ನೀವು ಏನು ಮಾಡ್ತೀರಿ?"

"ಚಪ್ಪಲಿ ತೋರಿಸ್ತೇನೆ."

"ಬರೀ ತೋರಿಸುವುದಾ? ಮಾರುವುದಿಲ್ವಾ?"

"ಅದು ಮಾಮ ಮಾಡ್ತಾರೆ."

ಅವಳು ನಕ್ಕಳು. ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡು ಕೇಳಿದಳು, "ಹಾಗಾದ್ರೆ ಹೇಳಿ, ನನ್ನದು ಎಷ್ಟು ನಂಬರ್?"

"ಐದು."

"ನೋಡ್ಲೇ ಇಲ್ಲವಲ್ಲ!"

"ಬರುವಾಗ ಮೆಟ್ಟಿಲ ಹತ್ತಿರ ಇತ್ತು. ಎಡಗಾಲಿನದು ಹೊರಬದಿ ಸವೆದಿದೆ. ನೀವು ಬಸ್ಸಿಗೆ ಕಾಯುವಾಗ ಎಡಗಾಲಿನ ಮೇಲೆ ಭಾರ ಹಾಕಿ ನಿಲ್ತೀರಿ."

ಪರಿಚಯವಿಲ್ಲದವರ ಹತ್ತಿರ ಇಷ್ಟು ಉದ್ದಕ್ಕೆ ಮಾತಾಡಿದ ನೆನಪು ನನಗಿಲ್ಲ. ಅವಳು ಆಗ ನನ್ನನ್ನು ಸರಿಯಾಗಿ ನೋಡಿದಳು.

"ಮೂಡುಬಿದಿರೆ ಸ್ಟ್ಯಾಂಡಿನಲ್ಲಿ ನನ್ನ ಹಿಂದೆ ಬಂದವರು ನೀವಲ್ಲ ತಾನೆ?"

"ಇಲ್ಲ ಇಲ್ಲ, ನಾನು..."

"ತಮಾಷೆಗೆ ಹೇಳಿದ್ದು ಮಾರಾಯ್ರೆ."

ಜುಲೈ 14

ಐದು ನಂಬರಿನ ಪೆಟ್ಟಿಗೆಗಳನ್ನೆಲ್ಲ ಒಂದೇ ಕಪಾಟಿನಲ್ಲಿ ಜೋಡಿಸಿದೆ. ಇದು ಯಾವ ಹೊಸ ಪದ್ಧತಿ ಎಂದು ಮಾಮ ಕೇಳಿದರು.

ಆಗಸ್ಟ್ 3

ಅವರು ಒಪ್ಪಿದ್ದಾರೆ. ಬೆಳಿಗ್ಗೆ ಫೋನ್ ಬಂದಾಗ ಉಮ್ಮ ಅತ್ತರು, ನಾನು ಅಂಗಳಕ್ಕೆ ಹೋಗಿ ಸುಮ್ಮನೆ ನಿಂತೆ.

ಮಧ್ಯಾಹ್ನ ಇನ್ನೊಂದು ಫೋನ್. ಝುಬೈರಿಗೆ ರಜೆ ಸಿಗುವುದು ಡಿಸೆಂಬರಿನಲ್ಲಂತೆ. ತಂದೆ ಇಲ್ಲದ ಮನೆಯಲ್ಲಿ ಹುಡುಗಿಯನ್ನು ಒಪ್ಪಿಸಿಕೊಡಬೇಕಾದವನು ಅಣ್ಣ. ನಿಕಾಹಿನಲ್ಲಿ ಅವನೂ ನಾನೂ ಎದುರುಬದುರು ಕುಳಿತು ಅಂಗೈಗೆ ಅಂಗೈ ಸೇರಿಸಿ ಹಿಡಿಯಬೇಕು. ಉಸ್ತಾದರು ಹೇಳಿಕೊಡುವ ಮಾತು ಮುಗಿಯುವವರೆಗೆ ಬಿಡುವ ಹಾಗಿಲ್ಲ. ಡಿಸೆಂಬರಿನ ನನ್ನ ಅಂಗೈ ಮರಳುಕಾಗದ.

ಅಣ್ಣನ ಪರವಾಗಿ ಬೇರೆ ಯಾರಾದರೂ ಕೂರಬಹುದಲ್ಲ, ಸೆಪ್ಟೆಂಬರಿನಲ್ಲೇ ಮುಗಿಸುವ ಎಂದು ಉಮ್ಮ ಎರಡು ಸಲ ಹೇಳಿ ಕಳಿಸಿದರು. ಆಫ್ರಾ ಒಪ್ಪಲಿಲ್ಲ. ಉಪ್ಪ ಹೋದ ಮೇಲೆ ತನ್ನನ್ನು ಓದಿಸಿದ್ದು ಅಣ್ಣ, ಆ ಕಾಕನ ಕೈಯೇ ಆಗಬೇಕು ಎಂದಳಂತೆ.

ಉಮ್ಮ ಕ್ಯಾಲೆಂಡರಿನ ಮುಂದೆ ನಿಂತೇ ಇದ್ದರು. "ಡಿಸೆಂಬರ್," ಎಂದರು, ಕಾಯಿಲೆಯ ಹೆಸರು ಹೇಳುವ ಹಾಗೆ.

ಆಗಸ್ಟ್ 21

ಆಫ್ರಾ ದಿನವೂ ವಾಯ್ಸ್ ಮೆಸೇಜ್ ಕಳಿಸುತ್ತಾಳೆ. ಅವಳ ಕ್ಲಾಸಿನಲ್ಲಿ ಒಬ್ಬಳು ಪೆನ್ಸಿಲ್ ತಿನ್ನುತ್ತಾಳಂತೆ, ಇನ್ನೊಬ್ಬ ಇವಳನ್ನು ಉಮ್ಮ ಎಂದು ಕರೆದು ನಾಚಿ ಬೆಂಚಿನ ಕೆಳಗೆ ಹೋದನಂತೆ. ಒಂದೊಂದನ್ನೂ ಹಲವು ಸಲ ಕೇಳುತ್ತೇನೆ. ಕೇಳುವಾಗ ಕಣ್ಣು ಮುಚ್ಚಿದರೆ ಅವಳು ಪಕ್ಕದಲ್ಲಿ ಕುಳಿತಂತೆ. ತೆರೆದರೆ ಚಪ್ಪಲಿ ಪೆಟ್ಟಿಗೆಗಳು.

ಇವತ್ತು ಬರೆದೆ: ನನಗೆ ಚರ್ಮದ ಒಂದು ತೊಂದರೆ ಉಂಟು. ಅಳಿಸಿದೆ. ಇಲ್ಲಿ ಮಳೆ ಉಂಟು ಎಂದು ಕಳಿಸಿದೆ.

"ಇಲ್ಲಿಯೂ ಉಂಟು. ತೋಡಾರು ಬೇರೆ ದೇಶವಾ?" ಎಂದು ಉತ್ತರ ಬಂತು.

ಈ ವರ್ಷ ಮಳೆ ನಿಲ್ಲದೆ ಇರಲಿ ಎಂದು ದುಆ ಮಾಡಿದೆ. ಗದ್ದೆಯವರು ಕೇಳಿದರೆ ಬೈದಾರು.

ಸೆಪ್ಟೆಂಬರ್ 17

ಸ್ಟಾಕ್ ತರಲು ಎಂದು ಹೇಳಿ ಮೂಡುಬಿದಿರೆಗೆ ಹೋದೆ. ಚರ್ಮದ ಡಾಕ್ಟರನ್ನು ನೋಡುವುದು ಜೀವನದಲ್ಲಿ ಮೊದಲ ಸಲ. ನಮ್ಮಲ್ಲಿ ಇದಕ್ಕೆ ಎಣ್ಣೆ, ಪಥ್ಯ, ಮಂತ್ರಿಸಿದ ನೀರು, ಇಷ್ಟೇ.

ವಯಸ್ಸಾದ ಹೆಂಗಸು. ನಾನು ಕಾಲು ತೋರಿಸಲು ಬಗ್ಗಿದರೆ, "ಮೊದಲು ಕೈ ಕೊಡಿ" ಎಂದರು. ಅಂಗೈಯನ್ನು ಬೆಳಕಿಗೆ ಹಿಡಿದು, ಪುಸ್ತಕದ ಹಾಗೆ ನೋಡಿದರು. ನನ್ನ ಕೈಯನ್ನು ಯಾರಾದರೂ ಅಷ್ಟು ಹೊತ್ತು ಹಿಡಿದದ್ದುಂಟೇ?

ಆಮೇಲೆ ಪ್ರಶ್ನೆಗಳು. ಹುಟ್ಟುವಾಗಲೇ ಇತ್ತಾ? ಇರಲಿಲ್ಲ, ವರ್ಷ ತುಂಬುವುದರೊಳಗೆ ಶುರುವಾಯಿತಂತೆ. ಮೊಣಕಾಲ ಹಿಂದೆ, ಮೊಣಕೈಯ ಮಡಿಕೆಯಲ್ಲಿ? ಅಲ್ಲಿ ನಯವಾಗಿಯೇ ಇರುತ್ತದೆ. ಚಳಿಗೆ ಜಾಸ್ತಿಯಾ? ಹೌದು. ಹಿಮ್ಮಡಿ ಒಡೆಯುತ್ತದಾ? ಚಿಕ್ಕಂದಿನಲ್ಲಿ ಉಬ್ಬಸ ಇತ್ತಾ? ಇತ್ತು. ತಂದೆಗೆ?

"ಇತ್ತು."

ಅವರು ಹಿಂದಕ್ಕೆ ಒರಗಿದರು. "ಮೀನು, ಏಡಿ ಏನಾದ್ರೂ ಬಿಟ್ಟಿದ್ದೀರಾ?"

"ಏಡಿ ತಿಂದದ್ದೇ ಇಲ್ಲ. ನಂಜು ಅಂತ ಉಮ್ಮ ಕೊಡುವುದಿಲ್ಲ."

"ತಿನ್ನಿ. ಏಡಿ ಪಾಪ ಏನೂ ಮಾಡಿಲ್ಲ."

ಹೆಸರು ಇಕ್ತಿಯೋಸಿಸ್. ಗ್ರೀಕ್ ಭಾಷೆಯ ಮೀನಿನಿಂದ ಬಂದ ಹೆಸರಂತೆ. ಡಿಸೆಂಬರಿನ ಒಳಗೆ ಹೋಗುತ್ತದಾ ಎಂದು ಕೇಳಿದೆ.

"ಹೋಗುವಂಥದ್ದಲ್ಲ. ಒಣಗದ ಹಾಗೆ ನೋಡ್ಕೊಳ್ಳುವಂಥದ್ದು. ತುಂಬಾ ಬಿಸಿ ನೀರು ಬೇಡ, ತಿಕ್ಕುವುದು ಬೇಡ. ಸ್ನಾನ ಆದ ಕೂಡಲೇ, ಮೈ ಪಸೆ ಇರುವಾಗಲೇ ಈ ಮುಲಾಮು. ದಿನವೂ. ಮದುವೆಯಾ?"

"ಹೌದು."

"ಹುಡುಗಿಗೆ ಹೇಳಿ. ಮಕ್ಕಳಿಗೆ ಬರಲಿಕ್ಕೂ ಸಾಕು, ಬಾರದೆ ಇರಲಿಕ್ಕೂ ಸಾಕು. ಅರ್ಧಕ್ಕರ್ಧ. ಇದು ಮುಟ್ಟಿದ್ರೆ ಅಂಟುವುದಲ್ಲ, ರಕ್ತದಲ್ಲಿ ಬರುವುದು."

"ಮುಟ್ಟಿದ್ರೆ ಅಂಟುವುದಿಲ್ವಾ?"

"ಇಲ್ಲ ಅಂದೆನಲ್ಲ."

ಹೊರಗೆ ಬಂದ ಮೇಲೆ ಪುನಃ ಒಳಗೆ ಹೋಗಿ ಇನ್ನೊಮ್ಮೆ ಕೇಳುವ ಅನಿಸಿತು.

ಸೆಪ್ಟೆಂಬರ್ 18

ಉಪ್ಪ ಗಲ್ಫಿನಿಂದ ರಜೆಗೆ ಬರುತ್ತಿದ್ದದ್ದು ಜನವರಿಯಲ್ಲಿ. ಚಾಕಲೇಟು, ರಿಮೋಟ್ ಕಾರು ಎಲ್ಲ ಬರುತ್ತಿತ್ತು. ಅವರ ಮಡಿಲಲ್ಲಿ ಕುಳಿತ ನೆನಪು ಇಲ್ಲ. ಚಾಪೆಯ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು. ಅವರ ಟವೆಲನ್ನು ನಾನು ಮುಟ್ಟಬಾರದಿತ್ತು. ಸಿಡುಕಿನ ಮನುಷ್ಯ ಎಂದುಕೊಂಡಿದ್ದೆ.

ಇವತ್ತು ಉಮ್ಮನನ್ನು ಕೇಳಿದೆ. ಅವರು ಪಾತ್ರೆ ತೊಳೆಯುತ್ತಲೇ ಹೇಳಿದರು, "ನಿನಗೆ ಅಂಟಬಾರದು ಅಂತ. ಹೋಗುವ ದಿನ ನೀನು ನಿದ್ದೆಯಲ್ಲಿರುವಾಗ ಬಾಗಿಲಲ್ಲಿ ನಿಂತು ನೋಡ್ತಿದ್ರು."

ತೀರಿಹೋದದ್ದು ಅಲ್ಲಿಯೇ, ಮಣ್ಣೂ ಅಲ್ಲಿಯೇ ಆಯಿತು. ನಾನು ಹುಟ್ಟುವ ಮೊದಲೇ ಅವರು ಅದನ್ನು ನನಗೆ ಕೊಟ್ಟಾಗಿತ್ತು.

ಮುಟ್ಟಬಹುದಿತ್ತು.

ಅಕ್ಟೋಬರ್ 30

ಮಳೆ ಹೋಯಿತು. ಬೆಳಿಗ್ಗೆ ಬೀಸಿದ್ದು ಘಟ್ಟದ ಕಡೆಯ ಒಣಗಾಳಿ. ಮೊಣಕಾಲ ಕೆಳಗೆ ಉಗುರು ಎಳೆದರೆ ಬಿಳಿ ಗೆರೆ ಮೂಡಿತು. ಮುಲಾಮು ಹಚ್ಚುತ್ತಿದ್ದೇನೆ. ಹಿಂದಿನ ವರ್ಷಗಳಷ್ಟು ಇಲ್ಲ, ಆದರೆ ಉಂಟು.

ಆಫ್ರಾ ವಿಡಿಯೋ ಕಾಲ್ ಮಾಡುವ ಎಂದಳು. ನೆಟ್‌ವರ್ಕ್ ಇಲ್ಲ ಎಂದೆ. ಅವಳ ಮುಖ ನೋಡಬೇಕು ಎಂಬ ಆಸೆಯಲ್ಲೇ ದಿನ ಕಳೆಯುವವನು ಹೇಳಿದ ಮಾತು ಇದು.

ನವೆಂಬರ್ 8, ಶನಿವಾರ

ಅಂಗಡಿಗೆ ಬೆಳ್ತಂಗಡಿ ಕಡೆಯ ಒಬ್ಬರು ಅಜ್ಜಿ ಬಂದಿದ್ದರು, ಸೇಸಮ್ಮ ಎಂದು. ಜೊತೆಯಲ್ಲಿ ಎರಡನೇ ಕ್ಲಾಸಿನ ಮೊಮ್ಮಗಳು ವಿಸ್ಮಿತಾ. ಶಾಲೆಯ ಆಟೋಟಕ್ಕೆ ಕ್ಯಾನ್ವಾಸ್ ಶೂ ಬೇಕಿತ್ತು. ಮಗು ಸಾಕ್ಸ್ ತೆಗೆಯಲು ಒಪ್ಪಲಿಲ್ಲ.

"ತೆಗಿ ಮಗಾ, ಅಣ್ಣ ಕಚ್ಚುವುದಿಲ್ಲ," ಎಂದರು ಅಜ್ಜಿ.

"ಗಲೀಜುಂಟು."

"ಗಲೀಜು ಎಂಥದ್ದು? ದಿನವೂ ನಾನೇ ತೆಂಗಿನ ನಾರು ಹಾಕಿ ತಿಕ್ಕಿ ಮೀಯಿಸುವುದು. ಎಷ್ಟು ತಿಕ್ಕಿದ್ರೂ ಪುನಃ ಬರ್ತದೆ ನೋಡಿ. ನಾಗದೋಷ ಅಂತ ನಾಗನಿಗೆ ತಂಬಿಲ ಸೇವೆ ಕೊಟ್ಟಾಯ್ತು, ಈ ವರ್ಷ ಇನ್ನೂ ದೊಡ್ಡದು ಏನಾದ್ರೂ ಮಾಡಿಸ್ಬೇಕು ಅಂತ ಉಂಟು."

ಸ್ಟೂಲಿನಲ್ಲಿ ಕುಳಿತು ಮೆಲ್ಲ ಸಾಕ್ಸ್ ಇಳಿಸಿದೆ. ಬಿಳಿ ಅಂಚಿನ ಸಣ್ಣ ಹುರುಪೆಗಳು. ನಾರು ತಾಗಿದ ಕಡೆ ಕೆಂಪು. ಮೊಣಕಾಲ ಹಿಂದೆ ಮಾತ್ರ ಎಳೆಮಗುವಿನ ಚರ್ಮ. ಅಂಗೈ ತೋರಿಸು ಎಂದೆ. ತೋರಿಸಿತು. ನನ್ನ ಗೆರೆಗಳು ಅಷ್ಟು ಸಣ್ಣ ಕೈಯಲ್ಲಿ.

"ಮಳೆಗಾಲದಲ್ಲಿ ಕಡಿಮೆಯಾಗ್ತದಾ?"

"ಹೌದು! ನಿಮಗೆ ಹೇಗೆ ಗೊತ್ತು?" ಎಂದರು ಅಜ್ಜಿ.

"ಮನೆಯಲ್ಲಿ ಬೇರೆ ಯಾರಿಗಾದ್ರೂ ಉಂಟಾ?"

"ಇವಳ ಅಪ್ಪ ಧನರಾಜನಿಗೆ ಉಂಟು. ಅವ ರಬ್ಬರ್ ಟ್ಯಾಪಿಂಗಿಗೆ ಹೋಗುವವ, ಅದರ ಹಾಲು ತಾಗಿ ಹಾಗಾದದ್ದು ಅಂತ ನಾವು ಎಣಿಸಿದ್ದು."

ನಾನು ಪ್ಯಾಂಟ್ ಮೇಲೆ ಮಡಚಿದೆ. ಮಗು ನೋಡಿತು, ಬಗ್ಗಿ ಹತ್ತಿರದಿಂದ ನೋಡಿತು.

"ನಿಮ್ಮದು ನನ್ನದಕ್ಕಿಂತ ಜಾಸ್ತಿ ಉಂಟು."

"ನಾನು ದೊಡ್ಡವನಲ್ವಾ."

ಅದು ಬೆರಳಿನಿಂದ ಉಜ್ಜಿ, "ಗರಗರ" ಎಂದು ನಕ್ಕಿತು.

ಅಜ್ಜಿಗೆ ಹೇಳಿದೆ, ಇದು ಕೊಳೆ ಅಲ್ಲ, ಅಪ್ಪನಿಂದ ಬಂದದ್ದು, ಯಾರಿಗೂ ಅಂಟುವುದಿಲ್ಲ, ಚರ್ಮದ ಡಾಕ್ಟ್ರಿಗೆ ಒಮ್ಮೆ ತೋರಿಸಿ ಎಂದು. ನಾಗನಿಗೆ ಮಾಡುವುದು ನಿಮ್ಮಿಷ್ಟ ಅಜ್ಜಿ, ನಾರು ಮಾತ್ರ ಬೇಡ ಎಂದೆ. ಅವರು ಮಗುವಿನ ಕಾಲನ್ನೇ ನೋಡುತ್ತಿದ್ದರು. "ಅಯ್ಯೋ ಮಗಾ, ಎಷ್ಟು ತಿಕ್ಕಿದೆ ನಾನು," ಎಂದರು.

ಅವರು ಹೋದ ಮೇಲೆ ನಾನು ಎರಡು ಗಿರಾಕಿಗಳಿಗೆ ಚಪ್ಪಲಿ ತೋರಿಸಿದೆ. ಕೌಂಟರಿನಿಂದ ಮಾಮ ಮೆಲ್ಲ ಹೇಳಿದರು, "ಉನೈಸ್, ಪ್ಯಾಂಟ್ ಇಳಿಸು ಮಾರಾಯ." ಮರೆತೇ ಹೋಗಿತ್ತು.

ಸಂಜೆ ವ್ಯಾಪಾರ ಕಡಿಮೆ.

ನವೆಂಬರ್ 9

ಆಫ್ರಾಗೆ ಫೋನ್ ಮಾಡಿದೆ. ನಾನಾಗಿ ಮಾಡಿದ್ದು ಮೊದಲ ಸಲ. "ಸೂರ್ಯ ಯಾವ ಕಡೆ ಮೂಡಿದ?" ಎಂದಳು.

ಎಲ್ಲ ಹೇಳಿದೆ. ಕಾಲು, ಅಂಗೈ, ಉಪ್ಪ, ಡಾಕ್ಟರು, ಮಕ್ಕಳ ವಿಷಯ, ಅರ್ಧಕ್ಕರ್ಧ. ಆಚೆಯಿಂದ ಮಿಕ್ಸಿಯ ಸದ್ದು ಬರುತ್ತಿತ್ತು. ಅದು ನಿಂತಿತು.

"ಅದಕ್ಕಾ ಸೆಪ್ಟೆಂಬರಿನಲ್ಲೇ ಮಾಡುವ ಅಂತ ಅಷ್ಟು ಅವಸರ?"

"ಹೌದು."

"ಹಾಗಾದ್ರೆ ಜುಲೈಯಲ್ಲಿ ನೀವು ತೋರಿಸಿದ್ದು ಬೇರೆ ಮನುಷ್ಯನನ್ನು."

"ಹೌದು."

"ನಾನು ಆ ಮನುಷ್ಯನ ಹತ್ತಿರ ಇಷ್ಟು ದಿನ ಮಾತಾಡಿದೆ. ಇಡ್ತೇನೆ."

ಉಮ್ಮನಿಗೆ ಹೇಳಿದೆ. ಬೈಯಲಿಲ್ಲ. ಊಟಕ್ಕೆ ಕರೆಯಲಿಲ್ಲ.

ನವೆಂಬರ್ 12

ಫೋನ್ ಇಲ್ಲ. ಹಳೆಯ ವಾಯ್ಸ್ ಮೆಸೇಜುಗಳನ್ನು ಕೇಳಿದೆ. ಪೆನ್ಸಿಲ್ ತಿನ್ನುವ ಹುಡುಗಿ ಈಗ ಏನು ತಿನ್ನುತ್ತಾಳೋ.

ನವೆಂಬರ್ 15

ಇಲ್ಲ. ಐದು ನಂಬರಿನ ಒಂದು ಜೊತೆ ಇವತ್ತು ಮಾರಿ ಹೋಯಿತು.

ನವೆಂಬರ್ 19

ಫೋನ್ ಬಂತು.

"ಉಮ್ಮನಿಗೆ ಹೇಳಿದೆ. ನನ್ನ ಉಮ್ಮನಿಗೆ ಸಿಟ್ಟುಂಟು. ಕಾಯಿಲೆಗೆ ಅಲ್ಲ, ಅಡಗಿಸಿದ್ದಕ್ಕೆ. ನನಗೂ ಉಂಟು."

"ಗೊತ್ತು."

"ಕಾಕ ಹೇಳಿದ, ನಿನ್ನಿಷ್ಟ, ಆದ್ರೆ ನೋಡದೆ ಹೌದು ಅಂತ ಹೇಳ್ಬೇಡ, ನೋಡದೆ ಇಲ್ಲ ಅಂತಲೂ ಹೇಳ್ಬೇಡ ಅಂತ. ಅದು ಯಾವಾಗ ಜೋರಿರ್ತದೆ?"

"ಡಿಸೆಂಬರ್ ಕೊನೆಗೆ."

"ಕಾಕ ಬಂದ ಮೇಲೆ ನಾವು ಬರ್ತೇವೆ. ನಿಕಾಹಿನ ಮಾತು ಅಲ್ಲಿವರೆಗೆ ಬೇಡ. ಮತ್ತೆ ಒಂದು ವಿಷಯ, ನಾವು ಬರುವ ಮೊದಲು ನೀವು ಏನೂ ಹಚ್ಚಬಾರದು. ಮಳೆಗಾಲದವನನ್ನು ನಾನು ನೋಡಿ ಆಗಿದೆ."

ಆಯಿತು ಎಂದೆ. ಇಟ್ಟ ಮೇಲೂ ಫೋನನ್ನು ಕಿವಿಗೆ ಹಿಡಿದುಕೊಂಡೇ ಇದ್ದೆ.

ಡಿಸೆಂಬರ್ 4

ಎಲ್ಲೋ ಸಮುದ್ರದಲ್ಲಿ ವಾಯುಭಾರ ಕುಸಿತವಂತೆ. ಇಡೀ ದಿನ ಮೋಡ, ಸೆಕೆ, ಸಂಜೆ ಎರಡು ಹನಿ. ಕಾಲು ಮೆತ್ತಗಾಗಿದೆ. ಉಮ್ಮ ಆಕಾಶ ನೋಡಿ, "ಅಲ್ಲಾಹು ನಮ್ಮ ಕಡೆ ಇದ್ದಾನೆ ಮೋನೆ" ಎಂದರು.

ನನಗೆ ಈ ಮೋಡ ಕಂಡರೆ ಸಿಟ್ಟು ಬರುತ್ತಿದೆ. ಚಳಿಗಾಲದಲ್ಲಿ ಇದಕ್ಕೆ ಇಲ್ಲಿ ಏನು ಕೆಲಸ?

ಡಿಸೆಂಬರ್ 23

ಮೋಡ ಹೋಗಿ ವಾರವಾಯಿತು. ಒಳ್ಳೆಯ ಚಳಿ. ಮುಲಾಮು ನಿಲ್ಲಿಸಿದ್ದೇನೆ. ಎಡ ಹಿಮ್ಮಡಿ ಒಡೆದಿದೆ, ವುಝೂ ನೀರು ತಾಗಿದರೆ ಉರಿ. ಮೊಣಕಾಲ ಕೆಳಗೆ ಬೇಸಗೆಯ ಕೆರೆಯ ಕೆಸರಿನ ಹಾಗೆ ಬಿರಿದ ಚೌಕಗಳು. ಅಂಗಡಿಯಲ್ಲಿ ಕುಳಿತು ಎದ್ದರೆ ಕಪ್ಪು ಪ್ಯಾಂಟಿನ ಒಳಮೈ ಬೆಳ್ಳಗೆ.

"ಒಂಚೂರು ಎಣ್ಣೆಯಾದ್ರೂ ಹಚ್ಚು. ಹೆದರಿ ಹೋದ್ರೆ ಏನು ಮಾಡ್ತಿ?" ಎಂದರು ಉಮ್ಮ.

ಝುಬೈರ್ ನಿನ್ನೆ ಬಂದಿಳಿದಿದ್ದಾನೆ. ಭಾನುವಾರ ಬರುತ್ತಾರೆ. ಭಾನುವಾರ ಯಾಕೆ ಇಷ್ಟು ದೂರ ಇದೆ?

ಡಿಸೆಂಬರ್ 28, ಭಾನುವಾರ

ಮೂವರೂ ಬಂದರು. ಹಫ್ಸ ನನ್ನ ಉಮ್ಮನ ಮುಖ ನೋಡದೆ ಕುಳಿತರು. ಝುಬೈರ್ ನನಗಿಂತ ಸ್ವಲ್ಪ ದೊಡ್ಡವನು, ಮಾತು ಕಡಿಮೆ. ಆಫ್ರಾ ಕುರ್ಚಿಯನ್ನು ಬಾಗಿಲಿನ ಬೆಳಕಿಗೆ ಎಳೆದು, "ಇಲ್ಲಿ ಕೂತ್ಕೊಳ್ಳಿ" ಎಂದಳು. ಅವಳ ಕ್ಲಾಸಿನ ಮಕ್ಕಳಿಗೆ ಹೇಳುವ ದನಿ ಇರಬೇಕು.

ಕುಳಿತು ಪ್ಯಾಂಟ್ ಮಡಚಿದೆ. ಅಂಗೈಗಳನ್ನು ತೊಡೆಯ ಮೇಲೆ ಬಿಚ್ಚಿಟ್ಟೆ. ಹಫ್ಸ ಒಮ್ಮೆ ನೋಡಿ ಕಿಟಕಿಯ ಕಡೆ ತಿರುಗಿದರು. ಝುಬೈರ್, "ಮಕ್ಕಳಿಗೆ ಬಂದ್ರೆ ಇಷ್ಟೇ ಇರ್ತದಾ?" ಎಂದು ಕೇಳಿದ. ಗೊತ್ತಿಲ್ಲ, ಕಡಿಮೆ ಇರಬಹುದು, ಇಷ್ಟೂ ಇರಬಹುದು ಎಂದೆ.

ಆಫ್ರಾ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ನೋಡಿದಳು. ಬೇಗ ಮುಗಿಸಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಉಮ್ಮ ಸೆರಗು ಬಾಯಿಗೆ ಹಿಡಿದು ನಿಂತಿದ್ದರು.

"ಇದು ಉರೀತದಾ?" ಹಿಮ್ಮಡಿಯ ಬಿರುಕನ್ನು ತೋರಿಸಿ ಕೇಳಿದಳು.

ಅಂಟುತ್ತದಾ ಎಂದು ಕೇಳಿದವರುಂಟು, ಹೋಗುತ್ತದಾ ಎಂದು ಕೇಳಿದವರುಂಟು. ಉರಿಯುತ್ತದಾ ಎಂದು ಯಾರೂ ಕೇಳಿರಲಿಲ್ಲ.

"ನೀರು ತಾಗಿದ್ರೆ," ಎಂದೆ.

"ಎಷ್ಟು ದಿನದಿಂದ ಹಚ್ಚಿಲ್ಲ?"

"ನೀವು ಹೇಳಿದ್ರಿ ಅಂತ..."

"ನಾನು ಹೇಳಿದ್ದು ನೋಡ್ಲಿಕ್ಕೆ. ನೋಡಿ ಆಯ್ತಲ್ಲ?" ಎದ್ದು ನಿಂತು ಚೂಡಿದಾರ ಕೊಡವಿಕೊಂಡಳು. "ಈಗ ಹೋಗಿ ಹಚ್ಚಿಕೊಳ್ಳಿ. ಹೋಗಿ. ನಾವು ಕೂತಿರ್ತೇವೆ."

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಮುಲಾಮಿನ ಮುಚ್ಚಳ ತೆಗೆದೆ. ಹೊರಗೆ ಝುಬೈರ್ ಗಂಟಲು ಸರಿಮಾಡಿಕೊಂಡು, ತನ್ನ ರಜೆ ಜನವರಿ ಇಪ್ಪತ್ತರವರೆಗೆ ಉಂಟು, ಅದರೊಳಗೆ ಆಗುವುದಾದರೆ ನೋಡುವ ಎಂದು ಯಾರಿಗೆಂದಿಲ್ಲದೆ ಹೇಳಿದ. ಹಫ್ಸ, "ಚಾ ಆದ್ರೂ ಕೊಡ್ತೀರಾ ರುಖಿಯಮ್ಮ, ಅದನ್ನೂ ಅಡಗಿಸಿಟ್ಟಿದ್ದೀರಾ?" ಎಂದರು. ಉಮ್ಮ ಅಳುತ್ತ ನಕ್ಕದ್ದು ಕೇಳಿಸಿತು.

ಆಮೇಲೆ ಅಡುಗೆಮನೆಯ ಗೋಡೆಯ ಆಚೆಯಿಂದ ಆಫ್ರಾಳ ದನಿ, ಸಣ್ಣಗೆ:

"ಬೆನ್ನಿಗೆ ಯಾರು ಹಚ್ಚಿ ಕೊಡುವುದು ಮಾಮಿ?"

"ಯಾರೂ ಇಲ್ಲ ಮಗಳೆ. ಕೈ ಎಟಕುವಷ್ಟು ಅವನೇ ಹಚ್ಚುವುದು."

ಲೋಟಗಳ ಸದ್ದು ನಿಂತಿತು. ನಾನು ಮುಲಾಮು ಹಿಡಿದುಕೊಂಡು ಗೋಡೆಯ ಹತ್ತಿರ ನಿಂತೆ. ಎರಡೂ ಕಾಲಿಗೆ ಹಚ್ಚಿದೆ, ಹಿಮ್ಮಡಿಗೆ, ಕೈಗಳಿಗೆ, ಭುಜದ ಮೇಲಿನಿಂದ ಎಟಕುವಷ್ಟು, ಸೊಂಟದ ಕೆಳಗಿನಿಂದ ಎಟಕುವಷ್ಟು. ನಡುಬೆನ್ನಿನಲ್ಲಿ ಒಂದು ಅಂಗೈಯಷ್ಟು ಜಾಗ ಹಾಗೇ ಉಳಿಯಿತು.